ಹಿನ್ನೀರು, ಹಳೇ ಮನೆ, ಗ್ಯಾರಂಟಿ ಕಾಟೇಜು: ಮಲೆನಾಡಿನಲ್ಲಿ ಯಾವುದನ್ನು ಕೊಳ್ಳೋದು?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಮೂಲ ಸಾಗರದ ಕಡೆ, ಆದರೆ ಊರಿನಲ್ಲಿ ನಮ್ಮದು ಅಂತ ಈಗ ಏನೂ ಉಳಿದಿಲ್ಲ. 90 ಲಕ್ಷದೊಳಗೆ ಒಂದು ಕಾಟೇಜ್ ಕೊಂಡು, ನಾವು ಹೋಗದ ದಿನಗಳಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಆಸೆ. ಮೂರು ಜಾಗ ನೋಡಿದ್ದೇವೆ. ಒಂದು, ತುಮರಿ ಕಡೆ ಶರಾವತಿ ಹಿನ್ನೀರು ಕಾಣುವ ಒಂದೂವರೆ ಎಕರೆ, ಅದರಲ್ಲಿ ಎರಡು ಕಾಟೇಜು, 70 ಲಕ್ಷ. 'ದಾಖಲೆ ಪ್ರೋಸೆಸ್‌ನಲ್ಲಿದೆ' ಅನ್ನುತ್ತಾರೆ. ಎರಡು, ತೀರ್ಥಹಳ್ಳಿ–ಆಗುಂಬೆ ರಸ್ತೆಯಿಂದ ಒಳಗೆ ಹಳೇ ಹೆಂಚಿನ ಮನೆ, ಒಂದು ಎಕರೆ ಅಡಿಕೆ ತೋಟ, 85 ಲಕ್ಷ. ಮೂರು, ಸಾಗರದ ಹತ್ತಿರ ಲೇಔಟ್ ಒಂದರಲ್ಲಿ ಹೊಸ ಕಾಟೇಜ್, 75 ಲಕ್ಷ. ಮೂರು ವರ್ಷ ಶೇ 8 ಆದಾಯ ಗ್ಯಾರಂಟಿ ಅಂತೆ. ಅರ್ಧ ಹಣಕ್ಕೆ ಸಾಲ ಮಾಡಬೇಕು. ಬಾಡಿಗೆಯಲ್ಲಿ ಕಂತು ಹೋಗುತ್ತಾ? ಮೂರರಲ್ಲಿ ಯಾವುದು ವಾಸಿ?

ಉತ್ತರ: ಕಂತಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಹೋಗಲ್ಲ.

ಲೆಕ್ಕ ಹಾಕಿ ನೋಡಿ. ಮೂರು ಕೋಣೆ ಇದೆ ಅಂದುಕೊಳ್ಳೋಣ. ಮಲೆನಾಡಿಗೆ ಜನ ಬರೋದು ಶನಿವಾರ, ಭಾನುವಾರ, ದಸರಾ ರಜೆ, ಡಿಸೆಂಬರ್ ಕೊನೇ ವಾರ. ಮಂಗಳವಾರ ಯಾರೂ ಬರಲ್ಲ. ಪರೀಕ್ಷೆ ಕಾಲದಲ್ಲಿ ಶನಿವಾರವೂ ಖಾಲಿ. ವರ್ಷಕ್ಕೆ 100 ರಾತ್ರಿ, ರಾತ್ರಿಗೆ ಸರಾಸರಿ ಎರಡು ಕೋಣೆ, ತಿಂಡಿ ಸೇರಿ ಕೋಣೆಗೆ 3,500 ರೂಪಾಯಿ ಹಿಡಿದರೆ 7 ಲಕ್ಷ. ಹೊಸಬರಿಗೆ ಇದೇ ಒಳ್ಳೇ ವರ್ಷ. ಇದರಲ್ಲಿ ಮನೆ ನೋಡಿಕೊಳ್ಳೋ ಗಂಡ ಹೆಂಡತಿಗೆ ತಿಂಗಳಿಗೆ 22,000 ಕೊಟ್ಟರೆ 2.64 ಲಕ್ಷ. ಬುಕಿಂಗ್ ಆ್ಯಪ್‌ನವರಿಗೆ ಶೇ 15 ಅಂದರೆ 1.05 ಲಕ್ಷ. ಕರೆಂಟು, ಗ್ಯಾಸು, ಬಟ್ಟೆ ಒಗೆಯೋದು, ತಿಂಡಿ ಸಾಮಾನು, ಇಂಟರ್‌ನೆಟ್‌ಗೆ 90,000. ಮಳೆಗಾಲ ಮುಗಿದ ಮೇಲೆ ಹೆಂಚು, ಬಣ್ಣ, ಪಂಪು, ಹಾಸಿಗೆ ಅಂತ ಒಂದು ಲಕ್ಷ. ಕೈಯಲ್ಲಿ ಉಳಿಯೋದು ಒಂದೂಕಾಲು, ಒಂದೂವರೆ ಲಕ್ಷದ ನಡುವೆ. ಇದು ನನ್ನ ಅಂದಾಜಿನ ಅಂಕಿ, ನಿಮ್ಮ ಅಂಕಿ ಹಾಕಿ ನೋಡಿದರೂ ಚಿತ್ರ ಬಹಳ ಬದಲಾಗಲ್ಲ. 45 ಲಕ್ಷ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ 15 ವರ್ಷಕ್ಕೆ ಕಂತು ತಿಂಗಳಿಗೆ 45,000 ದಾಟುತ್ತದೆ, ವರ್ಷಕ್ಕೆ ಐದೂವರೆ ಲಕ್ಷ. ಅದೇ 85 ಲಕ್ಷ ಬ್ಯಾಂಕಿನಲ್ಲಿ ಶೇ 6.5ಕ್ಕೆ ಸುಮ್ನೆ ಇಟ್ಟಿದ್ದರೂ ಅಷ್ಟೇ ಬರುತ್ತಿತ್ತು.

ಹಾಗಾದರೆ ಮಲೆನಾಡಿನಲ್ಲಿ ಹೋಮ್‌ಸ್ಟೇ ಮಾಡಿ ದುಡಿದವರು ಇಲ್ವಾ ಅಂದರೆ, ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಮನೆ ಅಜ್ಜನ ಕಾಲದ್ದು, ಕೊಂಡದ್ದಲ್ಲ. ಅಡುಗೆ ಮನೆಯವರದ್ದೇ. ತಲೆಗೆ ಇಷ್ಟು ಅಂತ ಊಟ, ತಿಂಡಿ, ರಾತ್ರಿ ಬೆಂಕಿ ಎಲ್ಲಾ ಸೇರಿಸಿ ಹತ್ತು ಜನರ ಗುಂಪನ್ನು ಕರೆಸುತ್ತಾರೆ. ನೀವು ಸಂಬಳ ಅಂತ ಕೊಡೋ ಹಣ ಅವರ ಮನೆಯಲ್ಲೇ ಉಳಿಯುತ್ತದೆ. ಅಡಿಕೆ ಕೈಕೊಟ್ಟ ವರ್ಷಕ್ಕೆ ಅದೊಂದು ಆಸರೆ. ಅವರ ಲಾಭ ನೋಡಿಕೊಂಡು ನೀವು ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕಿದರೆ ತಾಳೆ ಆಗಲ್ಲ.

ಆದ್ದರಿಂದ ಸಾಲದ ಭಾಗ ಬಿಟ್ಟುಬಿಡಿ. ಕೈಯಲ್ಲಿ ಇರೋ ಹಣಕ್ಕೆ ಸಿಗೋದನ್ನು ಕೊಳ್ಳಿ. ಮನೆ ತನ್ನ ಖರ್ಚನ್ನು ತಾನೇ ದುಡಿದುಕೊಂಡು, ನಿಮಗೆ ವರ್ಷಕ್ಕೆ ಒಂದಿಷ್ಟು ದಿನ ಇರೋಕೆ ಜಾಗ ಕೊಟ್ಟರೆ ಅದನ್ನೇ ಗೆಲುವು ಅಂದುಕೊಳ್ಳಿ. ಇದಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ.

ನಾನು ಯಾವ ಜಾಗದ ಬಗ್ಗೆಯಾದರೂ ಮೊದಲು ಕೇಳೋದು ಒಂದೇ ಪ್ರಶ್ನೆ. ವರ್ಷದ 365 ದಿನ ಅಲ್ಲಿ ಯಾರು ಇರ್ತಾರೆ? ನೋಟ ಎಲ್ಲಾ ಆಮೇಲೆ. ಇದು ಕಾನೂನಿಗೂ ಬೇಕು. ಹೋಮ್‌ಸ್ಟೇ ಅಂತ ನೋಂದಣಿ ಆಗಬೇಕಾದರೆ ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು ಅನ್ನೋದು ಮೂಲ ಷರತ್ತು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಮಾರ್ಗಸೂಚಿಯಲ್ಲಿ ಒಂದರಿಂದ ಆರು ಕೋಣೆ, 12 ಹಾಸಿಗೆವರೆಗೆ ಅವಕಾಶ, ಅದೂ ಮಾಲೀಕ ಅಲ್ಲೇ ಇದ್ದರೆ. ನೀವು ಬೆಂಗಳೂರಿನಲ್ಲಿದ್ದು ಕೀಲಿ ಬೇರೆಯವರ ಕೈಗೆ ಕೊಟ್ಟರೆ ಅದು ಹೋಮ್‌ಸ್ಟೇ ಆಗೋದು ಕಷ್ಟ, ಲಾಡ್ಜು ಅಥವಾ ರೆಸಾರ್ಟು ಆಗುತ್ತದೆ. ಆಗ ಜಾಗ ವಾಣಿಜ್ಯ ಬಳಕೆಗೆ ಪರಿವರ್ತನೆ ಆಗಿರಬೇಕು, ಪಂಚಾಯಿತಿ ಲೈಸೆನ್ಸ್ ಬೇಕು, ಮೆಸ್ಕಾಂ ಮೀಟರು ವಾಣಿಜ್ಯ ದರದ್ದು ಬೇಕು. ತೋಟದ ಪಂಪ್‌ಸೆಟ್ಟಿನ ಉಚಿತ ಕರೆಂಟಿನಿಂದ ಕಾಟೇಜಿಗೆ ವೈರು ಎಳೆದಿರೋದನ್ನು ಕೆಲವು ಕಡೆ ನೀವೇ ನೋಡುತ್ತೀರಿ. ಅದು ಕರೆಂಟ್ ಕಳ್ಳತನ, ಬೇರೆ ಹೆಸರಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರು ನಾಲ್ಕೈದು ವರ್ಷದಲ್ಲಿ ಕೆಲಸ ಬಿಟ್ಟು ಊರಿಗೆ ಬರೋ ಯೋಚನೆ ಇದೆಯಾ? ಇದ್ದರೆ ನನ್ನ ಸಲಹೆಯೇ ಬೇರೆ ಆಗುತ್ತದೆ. ಪತ್ರದಲ್ಲಿ ಅದನ್ನು ಬರೆದಿಲ್ಲ.

ಈಗ ಒಂದೊಂದಾಗಿ.

ತುಮರಿ ಜಾಗ. 2025ರ ಜುಲೈ 14ಕ್ಕೆ, ಹಿನ್ನೀರು ದಾಟಿ ತುಮರಿ ಕಡೆಗೆ ಹೋಗೋ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಸುಮಾರು 2.44 ಕಿಲೋಮೀಟರ್ ಉದ್ದ. ಅಲ್ಲಿತನಕ ಲಾಂಚಿಗೆ ಕಾದು ನಿಲ್ಲಬೇಕಿದ್ದ ಜನರಿಗೆ ಅದು ಎಷ್ಟು ದೊಡ್ಡ ವಿಷಯ ಅನ್ನೋದು ಆ ಕಡೆಯವರಿಗೇ ಗೊತ್ತು. ಆದರೆ ಅದರ ಜೊತೆಗೆ ದಲ್ಲಾಳಿಗಳೂ ದಾಟಿ ಬಂದರು. ನಿಮಗೆ ಹೇಳಿದ 70 ಲಕ್ಷದಲ್ಲಿ ಸೇತುವೆಯ ಪಾಲೂ ಇದೆ. ಅತಿಥಿ ದೃಷ್ಟಿಯಿಂದ ನೋಡಿದರೆ ಸೇತುವೆಗೆ ಇನ್ನೊಂದು ಮುಖವೂ ಉಂಟು. ಸಿಗಂದೂರಿಗೆ ಬರೋ ಭಕ್ತರು ಈಗ ದರ್ಶನ ಮುಗಿಸಿ ಅದೇ ದಿನ ಜೋಗ ನೋಡಿಕೊಂಡು ವಾಪಸ್ ಹೋಗಬಹುದು. ಅವರು ರಾತ್ರಿ ಉಳಿಯೋ ಗಿರಾಕಿಗಳಲ್ಲ.

ಇದಕ್ಕಿಂತ ದೊಡ್ಡ ತೊಂದರೆ ದಾಖಲೆಯದ್ದು. 'ಪ್ರೋಸೆಸ್‌ನಲ್ಲಿದೆ' ಅನ್ನೋ ಮಾತು ಬೇರೆ ಊರಲ್ಲಾದರೆ ಆರು ತಿಂಗಳ ತಡ. ಶರಾವತಿ ಹಿನ್ನೀರಿನ ಪ್ರದೇಶದಲ್ಲಿ ಅದು ಎರಡು ತಲೆಮಾರಿನ ತಡ ಆಗಿರಬಹುದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾದವರನ್ನು ಅಂದು ಕರೆದುಕೊಂಡು ಹೋಗಿ ಕೂರಿಸಿದ ಜಾಗಗಳಲ್ಲಿ ಎಷ್ಟೋ ಭೂಮಿ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬಿಡಿಸಿಕೊಡೋಕೆ ಆಗಲ್ಲ. ಮನೆ ಕಟ್ಟಿ, ತೋಟ ಮಾಡಿ, ಮೊಮ್ಮಕ್ಕಳನ್ನು ಕಂಡವರಿಗೂ ಹಕ್ಕುಪತ್ರದ ಜಗಳ ಮುಗಿದಿಲ್ಲ. ಅವರದ್ದು ನ್ಯಾಯವಾದ ಬೇಡಿಕೆ. ಆದರೆ ಅಂಥ ಜಾಗವನ್ನು 70 ಲಕ್ಷ ಕೊಟ್ಟು ನೀವು ಕೊಂಡರೆ, ಸಂತ್ರಸ್ತರಿಗೆ ಇರೋ ಸಹಾನುಭೂತಿ ನಿಮಗೆ ಸಿಗಲ್ಲ. ಅದರ ಮೇಲೆ ಆ ಭಾಗದಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಗಡಿಯೂ ಇದೆ. ಸರ್ವೆ ನಂಬರು ಅದರ ಒಳಗೋ, ಅಂಚಿನಲ್ಲೋ ಅನ್ನೋದನ್ನು ಅರಣ್ಯ ಇಲಾಖೆಯಿಂದ ಬರಹದಲ್ಲೇ ತರಿಸಬೇಕು.

ಇನ್ನು ಆ ನೋಟದ ಬಗ್ಗೆ. ನಿಮಗೆ ತೋರಿಸಿದ ಫೋಟೋ ಸೆಪ್ಟೆಂಬರ್–ಅಕ್ಟೋಬರ್‌ನದು ಅಂತ ಕಾಣುತ್ತದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆ ಕಮ್ಮಿಯಾದ ವರ್ಷ ಆ ಮಟ್ಟ ಮುಟ್ಟೋದೇ ಇಲ್ಲ. ಏಪ್ರಿಲ್‌ನಲ್ಲಿ ಹೋಗಿ ನೋಡಿ. ನೀರು ಎಲ್ಲೋ ದೂರ ಹೋಗಿ, ಕಾಟೇಜಿನ ಮುಂದೆ ಬಿರುಕು ಬಿಟ್ಟ ಕೆಸರು, ಅದರ ನಡುವೆ ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಕರೀ ಬೊಡ್ಡೆಗಳು. ನನಗೆ ಆ ನೋಟವೂ ಇಷ್ಟ, ಆದರೆ ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದವರು ರಿವ್ಯೂನಲ್ಲಿ ಬೇರೇನೋ ಬರೆಯುತ್ತಾರೆ. ಹಾಗೇ ನೀರು ಇಳಿದಾಗ ಬಯಲಾಗೋ ಜಮೀನು ಮಾರುವವರದ್ದಲ್ಲ. 'ಬೇಸಿಗೆಯಲ್ಲಿ ಇನ್ನೂ ಎರಡು ಎಕರೆ ನಮ್ಮದೇ' ಅನ್ನೋ ಮಾತಿಗೆ ಬೆಲೆ ಇಲ್ಲ.

ಈ ಜಾಗ ಬೇಡ. ದಾಖಲೆ ಸರಿಯಾದ ದಿನ ಬಂದು ಮಾತಾಡಿ ಅನ್ನಿ.

ಮೂರನೆಯದನ್ನು ಬೇಗ ಮುಗಿಸುತ್ತೇನೆ. ಶೇ 8ರ ಗ್ಯಾರಂಟಿ ಅಂದರೆ 75 ಲಕ್ಷಕ್ಕೆ ವರ್ಷಕ್ಕೆ 6 ಲಕ್ಷ, ಮೂರು ವರ್ಷಕ್ಕೆ 18 ಲಕ್ಷ. ಮೇಲಿನ ಲೆಕ್ಕ ನೋಡಿದಿರಲ್ಲ, ಹೊಸ ಕಾಟೇಜ್ ಮೊದಲ ವರ್ಷದಿಂದಲೇ 6 ಲಕ್ಷ ನಿವ್ವಳ ದುಡಿಯೋದು ಎಲ್ಲಿಂದ? ಅಕ್ಕಪಕ್ಕದಲ್ಲಿ ಅದೇ ಅಳತೆಯ ಸೈಟು, ಅದೇ ಅಳತೆಯ ಮನೆಗೆ ಎಷ್ಟಾಗುತ್ತದೆ ಅಂತ ಸಾಗರದಲ್ಲಿ ಇಬ್ಬರು ಮೇಸ್ತ್ರಿಗಳನ್ನು ಕೇಳಿ. 57 ಲಕ್ಷ ಅಂದರೆ ಉತ್ತರ ಸಿಕ್ಕಿತು. ನಿಮ್ಮ 18 ಲಕ್ಷವನ್ನೇ ಕಂತಿನಲ್ಲಿ ನಿಮಗೆ ವಾಪಸ್ ಕೊಡುತ್ತಾರೆ. ನಾಲ್ಕನೇ ವರ್ಷ ಒಂದೇ ಥರದ ಮೂವತ್ತು ಕಾಟೇಜುಗಳ ಮಾಲೀಕರು ಒಂದೇ ಗಿರಾಕಿಗೆ ಕಾಯುತ್ತೀರಿ. ಆದರೂ ಮನಸ್ಸು ಎಳೆದರೆ ಎರಡು ವಿಷಯ ನೋಡಿ. ಎಂಟಕ್ಕಿಂತ ಹೆಚ್ಚು ಮನೆ ಅಥವಾ 500 ಚದರ ಮೀಟರ್‌ಗಿಂತ ದೊಡ್ಡ ಯೋಜನೆ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಲೇಬೇಕು. ಮತ್ತೆ, ನಿಮ್ಮ ಹೆಸರಿಗೆ ಬರೋದು ಅಳತೆ ಮಾಡಿ ಬೇಲಿ ಹಾಕಿದ ನಿವೇಶನವೋ, ಇಡೀ ಜಮೀನಿನಲ್ಲಿ ಇಷ್ಟು ಪಾಲು ಅಂತ ಕಾಗದದ ಮೇಲಿನ ಮಾತೋ? ಒಂದು ಒಳ್ಳೇ ಮಾತೂ ಹೇಳಬೇಕು. ಸಾಗರಕ್ಕೆ ಬೆಂಗಳೂರಿನಿಂದ ರಾತ್ರಿ ರೈಲಿದೆ, ಆಸ್ಪತ್ರೆ ಇದೆ, ಜೋಗ 30 ಕಿಲೋಮೀಟರ್. ಜಾಗದ ಆಯ್ಕೆ ತಪ್ಪಲ್ಲ, ವ್ಯವಹಾರ ತಪ್ಪು.

ಇನ್ನು ತೀರ್ಥಹಳ್ಳಿಯ ಹಳೇ ಮನೆ. ನನ್ನ ಒಲವು ಇದರ ಕಡೆಗೇ. ಆದರೆ ಇದರಲ್ಲಿ ನೋಡಬೇಕಾದ್ದು ಜಾಸ್ತಿ.

ಕಾಗದ ಮೊದಲು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ತೋಟ ಕೊಳ್ಳಬಹುದು, ಅದು ಸಲೀಸು. ತೊಡಕು ಇರೋದು ಮಾರುವವರ ಮನೆಯೊಳಗೆ. ಹಳೇ ಮನೆ ಅಂದರೆ ಹಳೇ ಕುಟುಂಬ. ಪಹಣಿಯಲ್ಲಿ ಅಣ್ಣ ಒಬ್ಬರ ಹೆಸರಿದ್ದರೂ, 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಮದುವೆಯಾಗಿ ಕೊಪ್ಪಕ್ಕೋ ಮುಂಬೈಗೋ ಹೋದ ಅಕ್ಕತಂಗಿಯರು, ತೀರಿಕೊಂಡವರಿದ್ದರೆ ಅವರ ಮಕ್ಕಳು, ಎಲ್ಲರ ಸಹಿ ಬೇಕು. 'ಅವರೇನೂ ಅನ್ನಲ್ಲ, ನಮ್ಮೋರೇ' ಅಂತ ಕಾಫಿ ಕೊಡುತ್ತಾ ಹೇಳುತ್ತಾರೆ. ಕಾಫಿ ಕುಡಿಯಿರಿ, ವಂಶವೃಕ್ಷ ಕೇಳಿ.

ಪಹಣಿಯ 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು. ಜೊತೆಗೆ ಮ್ಯುಟೇಶನ್, ಕನಿಷ್ಠ 30 ವರ್ಷದ ಋಣಭಾರ ಪತ್ರ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ಸರ್ವೆಯವರು ಕೊಡೋ 11ಇ ನಕ್ಷೆ. ಜಮೀನು ಅವರಿಗೆ ಬಂದದ್ದು ದರಖಾಸ್ತಿನಲ್ಲೋ (ಅರ್ಜಿ ಹಾಕಿ ಸರ್ಕಾರದಿಂದ ಪಡೆದದ್ದು), ಬಗರ್‌ಹುಕುಂ ಸಕ್ರಮದಲ್ಲೋ (ಸಾಗುವಳಿ ಮಾಡಿಕೊಂಡಿದ್ದ ಸರ್ಕಾರಿ ಜಮೀನು ಸಕ್ರಮ ಆದದ್ದು) ಅಂತ ನೋಡಿ. ಮಂಜೂರಾದ ಜಮೀನಿಗೆ ಇಷ್ಟು ವರ್ಷ ಪರಭಾರೆ ಮಾಡುವಂತಿಲ್ಲ ಅನ್ನೋ ಷರತ್ತು ಇರುತ್ತದೆ. ಮೂಲ ಮಂಜೂರಾತಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟವನ್ನು ಎಷ್ಟು ವರ್ಷದ ನಂತರವೂ ಪ್ರಶ್ನಿಸಬಹುದು ಅಂತ 2023ರ ತಿದ್ದುಪಡಿ ಸ್ಪಷ್ಟ ಮಾಡಿದೆ. ನಡುವೆ ನಾಲ್ಕು ಕೈ ಬದಲಾಗಿದೆ ಅನ್ನೋದು ಸಮಾಧಾನ ಅಲ್ಲ.

ಮತ್ತೆ ಸೊಪ್ಪಿನಬೆಟ್ಟ. 'ತೋಟ ಒಂದೆಕರೆ, ಅದಕ್ಕೆ ಹೊಂದಿ ಬೆಟ್ಟ ನಾಲ್ಕು ಎಕರೆ' ಅಂತ ಹೇಳಿ, ಗುಡ್ಡದ ನೆತ್ತಿಗೆ ಕರೆದುಕೊಂಡು ಹೋಗಿ, 'ಇಲ್ಲೇ ಟೆಂಟ್ ಹಾಕಬಹುದು, ಸನ್‌ಸೆಟ್ ಪಾಯಿಂಟ್' ಅನ್ನುತ್ತಾರೆ. ಬೆಟ್ಟದಲ್ಲಿ ತೋಟದವರಿಗೆ ಇರೋದು ಸೊಪ್ಪು, ದರಗು ತರೋ ಸವಲತ್ತು. ಮಾಲೀಕತ್ವ ಸರ್ಕಾರದ್ದು. ಅಲ್ಲಿ ಟೆಂಟ್ ಹಾಕಿದರೆ ಕೇಸು ನಿಮ್ಮ ಮೇಲೆ. ಅದಕ್ಕೆ ಒಂದು ರೂಪಾಯಿ ಬೆಲೆಯನ್ನೂ ಕಟ್ಟಬೇಡಿ. ಸಾಗುವಳಿಗೆ ಬಾರದ್ದು ಅಂತ ದಾಖಲಾದ ಖರಾಬು ಜಾಗಕ್ಕೂ ಅಷ್ಟೇ. 'ಬಿ' ಖರಾಬು ಅಂದರೆ ಹಳ್ಳ, ದಾರಿ, ಸಾರ್ವಜನಿಕರದ್ದು.

ಮನೆ ನಿಂತಿರೋ ಜಾಗ ಗ್ರಾಮಠಾಣಾದಲ್ಲಿದ್ದು (ಊರಿನ ವಸತಿ ಜಾಗ) ಪಂಚಾಯಿತಿಯ ಇ-ಸ್ವತ್ತು ದಾಖಲೆ ಇದ್ದರೆ ಅರ್ಧ ಗೆದ್ದಿರಿ. ತೋಟದ ಸರ್ವೆ ನಂಬರಿನಲ್ಲೇ ಇದ್ದರೆ ಮನೆಯಷ್ಟು ಜಾಗಕ್ಕೆ ಪರಿವರ್ತನೆ ಮಾಡಿಸಬೇಕು, ಅದು ಮಾರುವವರ ಹೆಸರಲ್ಲಿ ಇರುವಾಗಲೇ ಆಗಲಿ. ರೈತ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳೋಕೆ ಇರೋ ವಿನಾಯಿತಿ ಬಾಡಿಗೆ ವ್ಯಾಪಾರಕ್ಕೆ ಬರಲ್ಲ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಬಗ್ಗೆ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. 2024ರ ಜುಲೈ 31ರ ಕರಡಿನಲ್ಲಿ ತಡೆ ಇರೋದು ಗಣಿ, ಕ್ವಾರಿ, ಮಾಲಿನ್ಯದ ಕಾರ್ಖಾನೆ, 20,000 ಚದರ ಮೀಟರ್‌ ದಾಟಿದ ಕಟ್ಟಡಗಳಂಥವಕ್ಕೆ. ಹೆಂಚಿನ ಮನೆಗಲ್ಲ.

ಈಗ ಮನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬೆಂಗಳೂರಿನಲ್ಲಿ 1,000ದ ಆಸುಪಾಸು. ಏಳು ವರ್ಷದ ಬೆಂಗಳೂರು ಮಳೆ ನಾಲ್ಕು ತಿಂಗಳಲ್ಲಿ ಆ ಮಾಡಿನ ಮೇಲೆ ಬೀಳುತ್ತದೆ. ಆದ್ದರಿಂದ ಫೆಬ್ರುವರಿಯಲ್ಲಿ ನೋಡಿ ಬಂದದ್ದು ನೋಡಿದ ಹಾಗಲ್ಲ.

ಹೋಗುವಾಗ ಒಂದು ಸಣ್ಣ ಚಾಕು, ಒಂದು ಟಾರ್ಚು ಇಟ್ಟುಕೊಳ್ಳಿ. ಸೂರಿನ ಅಂಚಿನಲ್ಲಿ, ನೀರು ಇಳಿಯೋ ಕಡೆ, ಪಕಾಸಿನ (ಮಾಡಿನ ಇಳಿಜಾರು ಮರ) ತುದಿಗೆ ಚಾಕು ಚುಚ್ಚಿ. ಒಳ್ಳೇ ಮರ ಆದರೆ ತುದಿ ಮಾತ್ರ ಹೋಗುತ್ತದೆ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಸಾಲು ಪೂರ್ತಿ ಬದಲಿಸಬೇಕು. ಹೆಂಚಿನ ಕೆಳಗಿನ ರೀಪಿನ ಮೇಲೆ ಮಣ್ಣಿನ ಗೆರೆ ಓಡಿದ್ದರೆ ಗೆದ್ದಲು. ಆಮೇಲೆ ಅಡುಗೆಮನೆಯ ಅಟ್ಟ ಹತ್ತಿ ನೋಡಿ. ಅಲ್ಲಿ ಮರ ಕರೀ ಮಸಿ ಹಿಡಿದು ಹೊಳೆಯುತ್ತಾ ಇರುತ್ತದೆ, ಹುಳ ಮುಟ್ಟಿರಲ್ಲ. ಒಲೆಯ ಹೊಗೆ ನೂರು ವರ್ಷ ಅದನ್ನು ಕಾಪಾಡಿದೆ. ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು, ಮಕ್ಕಳು ಪೇಟೆ ಸೇರಿದ ಮೇಲೆ ಬಾಗಿಲೂ ಮುಚ್ಚಿತು. ಮುಚ್ಚಿಟ್ಟ ಮನೆ ಮಲೆನಾಡಿನಲ್ಲಿ ಒಂದೇ ಮಳೆಗಾಲಕ್ಕೆ ಹಾಳಾಗುತ್ತದೆ. ಹಾಸಿಗೆ, ಚರ್ಮದ ಬೆಲ್ಟು, ಪುಸ್ತಕ, ಎಲ್ಲದಕ್ಕೂ ಬೂಷ್ಟು. ಅದಕ್ಕೇ ಮತ್ತೆ ಹೇಳುತ್ತೇನೆ, ಅಲ್ಲಿ ದಿನಾ ಒಲೆ ಹಚ್ಚೋ ಮನುಷ್ಯ ಬೇಕು.

ಗೋಡೆ ಜಂಬಿಟ್ಟಿಗೆಯದೋ ಮಣ್ಣಿನದೋ ಕೇಳಿ. ಮಣ್ಣಿನ ಗೋಡೆಗೆ ಇತ್ತೀಚೆಗೆ ಸಿಮೆಂಟ್ ಗಾರೆ ಬಳಿದಿದ್ದರೆ ಅನುಮಾನ ಪಡಿ. ಒಳಗಿನ ತೇವ ಹೊರಗೆ ಬರಲಾಗದೆ ಗೋಡೆ ಬುಡದಿಂದ ಕರಗುತ್ತದೆ, ಗಾರೆ ಹೊಪ್ಪಳಿಕೆಯಾಗಿ ಬೀಳುತ್ತದೆ. ನೆಲದಿಂದ ಒಂದು ಅಡಿ ಎತ್ತರದಲ್ಲಿ ಕೈಯಿಂದ ತಟ್ಟಿ, ಟೊಳ್ಳು ಸದ್ದು ಬರುತ್ತಾ ನೋಡಿ. ಮಾರುವ ಮುಂಚೆ ಫಾಲ್ಸ್ ಸೀಲಿಂಗ್ ಹಾಕಿಸಿದ್ದರೆ ಒಂದು ಹಲಗೆ ಬಿಚ್ಚಿಸಿ. ಮಂಗಗಳು ಹೆಂಚು ಸರಿಸೋ ಊರಿನಲ್ಲಿ ಸೋರಿಕೆ ಮುಚ್ಚೋಕೆ ಅದು ಸುಲಭದ ದಾರಿ. ಮತ್ತೆ, ಕೋಣೆಗೊಂದು ಬಚ್ಚಲು ಅಂತ ಹಳೇ ಗೋಡೆ ಒಡೆದು ಒಳಗೇ ಪೈಪು ಎಳೆಯಬೇಡಿ. ಹಿಂದಿನ ಅಂಗಳದಲ್ಲಿ ಹೊಸದಾಗಿ ಬಚ್ಚಲ ಸಾಲು ಕಟ್ಟಿ, ಒಂದು ಮುಚ್ಚಿದ ಓಣಿಯಿಂದ ಸೇರಿಸಿ. ಹಂಡೆಯ ಬಿಸಿನೀರು ಇರಲಿ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಾಗ ಗೀಸರ್ ಇದ್ದವರು ಬೈಸಿಕೊಳ್ಳುತ್ತಾರೆ, ಹಂಡೆ ಇದ್ದವರಿಗೆ ಐದು ಸ್ಟಾರ್ ಬರುತ್ತದೆ.

ನೀರು. ಆಗುಂಬೆಯ ಹತ್ತಿರ ನೀರಿಗೇನು ಬರ ಅನ್ನಬೇಡಿ. ಗುಡ್ಡದಿಂದ ಪೈಪಿನಲ್ಲಿ ಬರೋ ಅಬ್ಬಿ ನೀರು ಜನವರಿವರೆಗೆ ಧೋ ಅಂತ ಸುರಿದು ಮಾರ್ಚ್‌ಗೆ ದಾರವಾಗುತ್ತದೆ. ಆ ಪೈಪು ಯಾರ ಜಮೀನಿನಿಂದ ಹೊರಟಿದೆ, ಬೇಸಿಗೆಯಲ್ಲಿ ಯಾರ ತೋಟಕ್ಕೆ ಮೊದಲು ಅನ್ನೋ ಒಪ್ಪಂದ ಬಾಯಿಮಾತಿನದು, ಹೊಸಬರಿಗೆ ಅದು ಮುಂದುವರಿಯುತ್ತದೆ ಅನ್ನೋ ಖಾತ್ರಿ ಇಲ್ಲ. ತೆರೆದ ಬಾವಿ ಇದ್ದರೆ ಮೇ ಮೊದಲ ವಾರ ಇಣುಕಿ ನೋಡಿ. ಕಕ್ಕಸು ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕೆಳಗೆ ಇರಬೇಕು. ಜಂಬಿಟ್ಟಿಗೆ ನೆಲ ತೂತು ತೂತು, ಆಷಾಢದಲ್ಲಿ ಅಂತರ್ಜಲ ಹೆಚ್ಚುಕಮ್ಮಿ ನೆಲದ ಮಟ್ಟಕ್ಕೆ ಬರುತ್ತದೆ. ಆಗ ಗುಂಡಿಯ ನೀರೂ ಬಾವಿಯ ನೀರೂ ಒಂದಾಗೋಕೆ ಹೊತ್ತು ಬೇಕಿಲ್ಲ. ನಾಲ್ಕು ಜನರ ಮನೆಗೆ ಸಾಕಾದ ಗುಂಡಿ ಹನ್ನೆರಡು ಅತಿಥಿಗೆ ಸಾಲಲ್ಲ.

ದಾರಿ. ಡಾಂಬರು ರಸ್ತೆಯಿಂದ ಮನೆತನಕ ಎಷ್ಟು ದೂರ, ಅದು ಯಾರ ಜಾಗ? ಪಕ್ಕದ ತೋಟದ ಮೇಲೆ ಹಾದು ಬಂದರೆ ದಾರಿ ಹಕ್ಕು ಕ್ರಯಪತ್ರದಲ್ಲಿ ಬರಲಿ. ವಾರಕ್ಕೊಮ್ಮೆ ಮಾರುವವರ ಜೀಪು ಹೋಗೋದಕ್ಕೆ ಸುಮ್ಮನಿದ್ದ ನೆರೆಯವರು, ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ನಾಲ್ಕು ಕಾರು ಹಾಡು ಹಾಕಿಕೊಂಡು ಹೋದರೆ ಸುಮ್ಮನಿರಲ್ಲ. ನೆರೆಯವರ ಮನೆಗೆ ಕೊಳ್ಳುವ ಮೊದಲೇ ಹೋಗಿ ಕೂತು ಮಾತಾಡಿ ಬನ್ನಿ. ಜಮೀನಿನ ನಿಜವಾದ ಚರಿತ್ರೆ ಹೇಳೋದು ಅವರೇ, ಋಣಭಾರ ಪತ್ರ ಅಲ್ಲ.

ಕಾಯಿಲೆ ವಿಷಯ ಯಾವ ದಲ್ಲಾಳಿಯೂ ಎತ್ತಲ್ಲ. ಮಂಗನ ಕಾಯಿಲೆ ಮೊದಲು ಗುರುತಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಜನ ಸತ್ತಾಗ ಇಡೀ ಜಿಲ್ಲೆ ಹೆದರಿತ್ತು. ಉಣ್ಣೆ ಹುಳ ಕಚ್ಚಿ ಹರಡೋ ಈ ಜ್ವರದ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ, ಅಂದರೆ ನಿಮ್ಮ ಅತಿಥಿಗಳ ಕಾಲವೇ. ಹತ್ತಿರದಲ್ಲಿ ಮಂಗ ಸತ್ತಿದೆ ಅಂತ ಆರೋಗ್ಯ ಕೇಂದ್ರ ಹೇಳಿದರೆ ಕಾಡಿನ ನಡಿಗೆ ನಿಲ್ಲಿಸಬೇಕು, ಮೈಗೆ ಹಚ್ಚೋ ಡೆಪಾ ಎಣ್ಣೆ ಮನೆಯಲ್ಲಿ ಇರಬೇಕು. ಬುಕಿಂಗ್ ಹಾಳಾಗುತ್ತೆ ಅಂತ ಮುಚ್ಚಿಡೋದು ಬೇಡ. ಹೋಲಿಸಿದರೆ ಉಂಬಳ (ಕಾಡಿನ ಜಿಗಣೆ) ಏನೂ ಅಲ್ಲ. ಸುಣ್ಣ, ಉಪ್ಪು ಇಟ್ಟು ನಗುನಗುತ್ತಾ ನಿಭಾಯಿಸಬಹುದು.

ಈಗ ಮತ್ತೆ ಅಲ್ಲಿ ಇರೋ ಮನುಷ್ಯನ ವಿಷಯ. ಡಿಸೆಂಬರ್‌ನಲ್ಲಿ ನಿಮಗೆ ಗಿರಾಕಿ ಜಾಸ್ತಿ. ಅದೇ ಹೊತ್ತಿಗೆ ಅಡಿಕೆ ಕೊಯ್ಲು, ಸುಲಿಯೋ ಕೆಲಸ. ನಿಮ್ಮ ಮನೆ ನೋಡಿಕೊಳ್ಳೋ ಹೆಂಗಸಿಗೆ ರಾತ್ರಿ ಅಡಿಕೆ ಸುಲಿದರೆ ಸಿಗೋ ದುಡ್ಡು ನಿಮ್ಮ ಸಂಬಳಕ್ಕಿಂತ ಹೆಚ್ಚು ಕಾಣಬಹುದು. ಊರಿನಲ್ಲಿ ನೆಂಟರ ಮದುವೆ, ದೀಪಾವಳಿ, ಜಾತ್ರೆ ಎಲ್ಲ ನಿಮ್ಮ ಬುಕಿಂಗ್ ಇದ್ದ ದಿನವೇ. ತಿಂಗಳ ಸಂಬಳದ ಜೊತೆಗೆ ಅತಿಥಿ ಬಂದ ರಾತ್ರಿಗೆ ಇಷ್ಟು ಅಂತ ಪಾಲು ಇಟ್ಟರೆ ಆ ಮನೆ ಅವರದ್ದೂ ಆಗುತ್ತದೆ. ಊಟದ ಲೆಕ್ಕ ಪೂರ್ತಿ ಅವರಿಗೇ ಬಿಡಿ ಅಂತ ನಾನು ಹೇಳೋದು. ಜನ ಶೀಟ್ ಬಿಳಿ ಇತ್ತು ಅಂತ ನೆನಪಿಡಲ್ಲ. ಕಳಲೆ ಪಲ್ಯ, ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ, ಕೋಳಿ ಸಾರು ಕೊಟ್ಟವರ ಮನೆಗೆ ಮತ್ತೆ ಬರುತ್ತಾರೆ. ಮಾರುವವರ ತೋಟದಲ್ಲಿ ಈಗ ಕೆಲಸಕ್ಕಿರೋ ಕುಟುಂಬ ಮುಂದುವರಿಯುತ್ತಾ ಕೇಳಿ. ಅವರು ಇರ್ತೀವಿ ಅಂದರೆ ಅದಕ್ಕೆ ಐದು ಲಕ್ಷ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಸರ್ಕಾರಿ ಕೆಲಸ ಕೆಲವಿದೆ, ಕಷ್ಟದ್ದಲ್ಲ. ಪ್ರವಾಸೋದ್ಯಮ ಇಲಾಖೆ ನೋಂದಣಿ, ಪಂಚಾಯಿತಿ ಮತ್ತು ಪೊಲೀಸರ ಒಪ್ಪಿಗೆ, ಊಟ ಕೊಡೋದಾದರೆ ಆಹಾರ ಸುರಕ್ಷತೆ ನೋಂದಣಿ, ಅತಿಥಿಗಳ ಗುರುತಿನ ಚೀಟಿಯ ಪುಸ್ತಕ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಮದ್ಯ ನೀವು ಮಾರುವಂತಿಲ್ಲ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿಯ ತಲೆನೋವು ಸಾಮಾನ್ಯವಾಗಿ ಬರಲ್ಲ. ಆ್ಯಪ್ ಮೂಲಕ ಬಂದ ಬುಕಿಂಗ್‌ಗೆ ಆ್ಯಪ್‌ನವರೇ ತೆರಿಗೆ ಕಟ್ಟುತ್ತಾರೆ.

ಬೆಲೆ. 85 ಲಕ್ಷ ಜಾಸ್ತಿ ಆಯಿತು. ತೋಟಕ್ಕೆ ಆ ಊರಿನಲ್ಲಿ ಎಕರೆಗೆ ನಡೆದಿರೋ ದರ ಕೇಳಿ, ಮನೆಯನ್ನು ಮರ ಮತ್ತು ಕಲ್ಲಿನ ಬೆಲೆಗೆ ಲೆಕ್ಕ ಹಾಕಿ, ಮೇಲೆ ಸ್ವಲ್ಪ ಕೊಡಿ. ಎಲೆಚುಕ್ಕಿ ರೋಗ ಹಿಡಿದ ಮರಗಳಿದ್ದರೆ ತೋಟದ ಬೆಲೆ ಇಳಿಸಿ. ರಿಪೇರಿಗೆ, ಬಚ್ಚಲಿಗೆ, ಗುಂಡಿಗೆ 12–15 ಲಕ್ಷ ಬೇರೆ ಎತ್ತಿಡಬೇಕು. ನೋಂದಣಿ ಖರ್ಚೂ ಸಣ್ಣದಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ, ಮುದ್ರಾಂಕ, ಸೆಸ್ ಎಲ್ಲಾ ಸೇರಿ ಶೇ 7.6ರ ಮೇಲೆ. ಅಂದರೆ 85 ಲಕ್ಷಕ್ಕೆ ಸುಮಾರು ಆರೂವರೆ ಲಕ್ಷ. ಇದನ್ನೆಲ್ಲ ಕೂಡಿಸಿದರೆ ನಿಮ್ಮ 90 ಲಕ್ಷಕ್ಕೆ ಒಪ್ಪುವ ಕ್ರಯ 68–70ರ ಹತ್ತಿರ ಬರುತ್ತದೆ. ಸಾಲ ಇಲ್ಲದೆ ಮಾಡಬೇಕಾದರೆ ಇನ್ನೂ ಸಣ್ಣದು ನೋಡಬೇಕಾಗುತ್ತದೆ. ಮನೆ ಮತ್ತು ಹತ್ತು ಗುಂಟೆ ಸಾಕು, ತೋಟ ಅವರೇ ಇಟ್ಟುಕೊಳ್ಳಲಿ ಅಂತ ಕೇಳಿ ನೋಡಿ. ತೋಟ ಇಲ್ಲದಿದ್ದರೆ ಅತಿಥಿಗಳಿಗೇನೂ ಕಮ್ಮಿಯಾಗಲ್ಲ, ಕಿಟಕಿಯಿಂದ ಕಂಡರೆ ಸಾಕು. ಮಾರುವವರಿಗೂ ಅದು ಇಷ್ಟ ಆಗಬಹುದು.

ಅವಸರ ಮಾಡದಿದ್ದರೆ ಇನ್ನೊಂದು ದಾರಿ ಇದೆ. ಕೊಳ್ಳುವ ಮೊದಲು ಅದೇ ಮನೆಯನ್ನು 11 ತಿಂಗಳ ಕರಾರಿಗೆ ಬಾಡಿಗೆಗೆ ಕೇಳಿ. ಜುಲೈನಲ್ಲಿ ರಜೆ ಹಾಕಿ ಒಂದು ವಾರ ಇಬ್ಬರೂ ಅಲ್ಲೇ ಇರಿ. ಫೋನ್ ಸಿಗ್ನಲ್ ಎಷ್ಟು ಗಂಟೆ ಹೋಗುತ್ತದೆ, ಎಲ್ಲಿ ಸೋರುತ್ತದೆ, ನಾಲ್ಕನೇ ದಿನ ನಿಮಗೇ ಬೇಜಾರಾಗುತ್ತಾ ಅನ್ನೋದು ಗೊತ್ತಾಗುತ್ತದೆ. ಸುತ್ತಲಿನ ಹೋಮ್‌ಸ್ಟೇಗಳಿಗೆ ಗಿರಾಕಿಯಂತೆ ಫೋನ್ ಮಾಡಿ ಬುಧವಾರಕ್ಕೆ ಕೋಣೆ ಕೇಳಿ, ಬರೋ ಶನಿವಾರಕ್ಕೂ ಕೇಳಿ. ಎರಡು ಉತ್ತರಗಳ ನಡುವಿನ ಅಂತರವೇ ಆ ಊರಿನ ಮಾರುಕಟ್ಟೆ.

ಕೊನೆಗೆ ಅಡ್ವಾನ್ಸ್. ಮಾತು ಕುದುರಿದ ದಿನವೇ ಹತ್ತು ಲಕ್ಷ ಕೊಟ್ಟು ಬರಬೇಡಿ. ಎರಡು ಲಕ್ಷ, ಅದೂ ಚೆಕ್ಕಿನಲ್ಲಿ. ಕರಾರಿನಲ್ಲಿ ಕುಟುಂಬದ ಎಲ್ಲರ ಸಹಿ, 11ಇ ನಕ್ಷೆ, ಮನೆ ಜಾಗದ ಪರಿವರ್ತನೆ, ದಾರಿ ಹಕ್ಕು, ನೀರಿನ ಹಕ್ಕು ಇಷ್ಟೂ ಆರು ತಿಂಗಳಲ್ಲಿ ಆಗಬೇಕು, ಆಗದಿದ್ದರೆ ಹಣ ವಾಪಸ್ ಅಂತ ಬರೆಸಿ. ಕರಾರನ್ನು ತೀರ್ಥಹಳ್ಳಿಯ ವಕೀಲರೊಬ್ಬರಿಗೆ ತೋರಿಸಿ, ಬೆಂಗಳೂರಿನವರಿಗಲ್ಲ. ಸೊಪ್ಪಿನಬೆಟ್ಟ ಅಂದರೇನು ಅಂತ ತೀರ್ಥಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ.